ಮಹಾಮಾರಿಯ ಸಾವುಗಳೂ ಆಯುಷ್ಯದ ಲೆಕ್ಕವೂ

ಸಂಘದ ವಾರ್ಷಿಕ ಸಂಚಿಕೆಯ ಆರೋಗ್ಯ ವಿಭಾಗವೆಂದರೆ ಮಧುಮೇಹ, ರಕ್ತದ ಒತ್ತಡ, ಮಕ್ಕಳ ಆಹಾರ ಮುಂತಾದ ವಿಷಯಗಳನ್ನು ಕುರಿತು ವೈದ್ಯಮಿತ್ರರು ಬರೆಯುವ ಲೇಖನಗಳಿಗೆ ಮೀಸಲಾದ ಪುಟಗಳೆಂಬುದು ವಾಚಕರೆಲ್ಲರಿಗೂ ತಿಳಿದ ಸಂಗತಿ. ವಾಣಿಜ್ಯಶಾಸ್ತ್ರವನ್ನು ಓದಿ, ಬ್ಯಾಂಕಿನ ಖಾತೆಗಳ ನಡುವೆ ಕಾಲ ಕಳೆಯುತ್ತಿರುವವನಿಗೆ ಈ ಪುಟಗಳಲ್ಲಿ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ರೋಗ ಯಾವುದು, ಔಷಧ ಯಾವುದು ಎಂಬುದನ್ನು ವೈದ್ಯರೇ ಹೇಳಬೇಕು. ಆದರೆ ಒಂದು ಮಹಾಮಾರಿಯಿಂದ ಎಷ್ಟು ಜನ ಸತ್ತರು, ಅದರಿಂದ ನಮ್ಮ ಆಯುರ್ಮಾನಕ್ಕೆ ಎಷ್ಟು ಹಾನಿಯಾಯಿತು ಎಂಬ ಪ್ರಶ್ನೆ ಔಷಧದ್ದಲ್ಲ, ಲೆಕ್ಕದ್ದು. ಲೆಕ್ಕದಲ್ಲಿ ಎರಡು ಪುಸ್ತಕಗಳು ತಾಳೆಯಾಗದಿದ್ದರೆ ಏನು ಮಾಡಬೇಕೆಂಬುದನ್ನು ನಮ್ಮ ವೃತ್ತಿಯವರು ಪ್ರತಿದಿನವೂ ಕಾಣುತ್ತೇವೆ.

ಚೆನ್ನೈ ನಗರವೇ ಇದಕ್ಕೆ ಉತ್ತಮ ನಿದರ್ಶನ. 2020ರ ಜೂನ್ ತಿಂಗಳಿನಲ್ಲಿ, ಕೋವಿಡ್ ಸಾವುಗಳ ಬಗೆಗೆ ಆರೋಗ್ಯ ಇಲಾಖೆ ಪ್ರಕಟಿಸುತ್ತಿದ್ದ ಪಟ್ಟಿಗೂ ನಗರಪಾಲಿಕೆಯ ಮರಣ ದಾಖಲೆಗೂ ಹೊಂದಿಕೆಯಿಲ್ಲವೆಂಬ ಸಂಗತಿ ಬಯಲಿಗೆ ಬಂದಿತು. ಸರ್ಕಾರವು ಈ ಎರಡನ್ನೂ ತಾಳೆ ನೋಡುವುದಕ್ಕಾಗಿ ಒಂದು ಸಮಿತಿಯನ್ನು ನೇಮಿಸಿತು. ಅದರ ಫಲವಾಗಿ ಜುಲೈ 22ರಂದು, ಅದುವರೆಗೆ ಪಟ್ಟಿಗೆ ಸೇರದಿದ್ದ 444 ಸಾವುಗಳನ್ನು ಒಮ್ಮೆಗೇ ಸೇರಿಸಲಾಯಿತು. ಆ ದಿನ ಅನೇಕರು ಸರ್ಕಾರವನ್ನು ಹಳಿದರು. ನನ್ನ ಅಭಿಪ್ರಾಯ ಬೇರೆ. ವ್ಯತ್ಯಾಸವಿದ್ದುದು ತಪ್ಪೆಂಬುದು ನಿಜ. ಆದರೆ ವ್ಯತ್ಯಾಸವನ್ನು ಒಪ್ಪಿಕೊಂಡು, ಹೆಸರು ಹೆಸರಾಗಿ ಹುಡುಕಿ, ಪುಸ್ತಕದಲ್ಲಿ ತಿದ್ದಿ ಬರೆದುದು ಮೆಚ್ಚತಕ್ಕ ಕೆಲಸ. ಲೆಕ್ಕ ತಪ್ಪಿತೆಂದು ತಿಳಿದ ಮೇಲೂ ಪುಸ್ತಕವನ್ನು ಮುಚ್ಚಿಡುವವರ ನಡುವೆ ಇದೊಂದು ಅಪವಾದವಾಗಿತ್ತು.

ಹಾಗಿದ್ದರೂ ಈ 444 ಎಂಬುದು ಕೊರತೆಯ ಒಂದು ಅಂಶವಷ್ಟೆ. ಏಕೆಂದರೆ ಆ ಸಮಿತಿ ಹುಡುಕಿದುದು ‘ಕೋವಿಡ್’ ಎಂದು ಎಲ್ಲಿಯಾದರೂ ಬರೆದಿದ್ದ ಸಾವುಗಳನ್ನು. ಎಲ್ಲಿಯೂ ಹಾಗೆ ಬರೆಯದ ಸಾವುಗಳ ಗತಿಯೇನು? ಪರೀಕ್ಷೆಯಾಗದೆ ಮನೆಯಲ್ಲಿಯೇ ಉಸಿರಾಟ ಕಟ್ಟಿ ಸತ್ತವರು, ಹಾಸಿಗೆ ಸಿಗದೆ ಆಸ್ಪತ್ರೆಯ ಬಾಗಿಲಲ್ಲಿ ಕಾದವರು, ರೋಗ ತಗುಲದಿದ್ದರೂ ಡಯಾಲಿಸಿಸ್ ತಪ್ಪಿ ಹೋದವರು, ಇವರೆಲ್ಲ ಯಾವ ಖಾತೆಗೆ ಸೇರಬೇಕು?

ಬ್ಯಾಂಕಿನ ಶಾಖೆಗೆ ಮರಣ ಪ್ರಮಾಣಪತ್ರಗಳು ಬರುತ್ತಿರುತ್ತವೆ. ಮೃತರ ಖಾತೆಯ ಹಣವನ್ನು ನಾಮಿನಿಗೆ ಕೊಡುವುದಕ್ಕೂ, ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆಯ 2 ಲಕ್ಷ ರೂಪಾಯಿಗಳ ಕ್ಲೇಮಿಗೂ ಅದು ಬೇಕೇಬೇಕು. ಆ ಪತ್ರದಲ್ಲಿ ಹೆಸರು, ದಿನಾಂಕ, ಸ್ಥಳ ಇರುತ್ತವೆ, ಸಾವಿನ ಕಾರಣವಿರುವುದಿಲ್ಲ. ಕಾರಣವನ್ನು ವೈದ್ಯರು ಬೇರೆ ನಮೂನೆಯಲ್ಲಿ ಬರೆಯುತ್ತಾರೆ. ಅದೂ ಎಲ್ಲ ಸಾವುಗಳಿಗೂ ಆಗುವುದಿಲ್ಲ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣವನ್ನು ದೃಢೀಕರಿಸಿದುದು ಶೇಕಡಾ 22.5ಕ್ಕೆ ಮಾತ್ರ. ಉಳಿದ ಮುಕ್ಕಾಲು ಪಾಲಿನಷ್ಟು ಜನ ಏತರಿಂದ ಸತ್ತರೆಂಬುದು ಕಾಗದದ ಮೇಲೆ ಇಲ್ಲ. ಇಂತಹ ಸ್ಥಿತಿಯಲ್ಲಿ ಕಾರಣವನ್ನೇ ಹಿಡಿದು ಎಣಿಸಹೊರಟರೆ ಎಣಿಕೆ ಕಡಮೆಯಾಗುವುದು ಅನಿವಾರ್ಯ. ಆದರೆ ದಿನಾಂಕವಿದೆಯಲ್ಲ! ದಿನಾಂಕವೊಂದಿದ್ದರೆ ಸಾಕೆಂದು ಹೇಳುವ ಒಂದು ಹಳೆಯ ವಿಧಾನವುಂಟು.

ಲಂಡನ್ನಿನಲ್ಲಿ ವಿಲಿಯಂ ಫಾರ್ ಎಂಬ ಅಂಕಿಅಂಶ ತಜ್ಞನು 1847ರ ಇನ್‌ಫ್ಲುಯೆಂಜಾ ಕಾಲದಲ್ಲಿ ಈ ಮಾರ್ಗವನ್ನು ಹಿಡಿದನು. ಆ ಜ್ವರದಿಂದ ಸತ್ತರೆಂದು ಬರೆದವರನ್ನು ಮಾತ್ರ ಎಣಿಸದೆ, ವಾಡಿಕೆಯಾಗಿ ಆ ವಾರಗಳಲ್ಲಿ ಎಷ್ಟು ಜನ ಸಾಯುತ್ತಿದ್ದರು, ಆ ವರ್ಷ ಎಷ್ಟು ಜನ ಸತ್ತರು ಎಂದು ನೋಡಿ, ಹೆಚ್ಚಾದುದನ್ನು ಮಹಾಮಾರಿಯ ಲೆಕ್ಕಕ್ಕೆ ಹಿಡಿದನು. ಇದನ್ನೇ ಈಗ ಅಧಿಕ ಮರಣವೆನ್ನುತ್ತಾರೆ. ಇದರಲ್ಲಿ ವೈದ್ಯರ ಅಭಿಪ್ರಾಯವಾಗಲಿ, ಪ್ರಯೋಗಾಲಯದ ವರದಿಯಾಗಲಿ ಬೇಕಿಲ್ಲ. ಬಜೆಟ್ಟಿನ ಅಂದಾಜಿಗೂ ನಿಜವಾದ ಖರ್ಚಿಗೂ ಇರುವ ಅಂತರವನ್ನು ನೋಡುವಷ್ಟೇ ಸರಳ.

ಚೆನ್ನೈಯಲ್ಲಿ ಮರಣ ನೋಂದಣಿ ಬಹಳಮಟ್ಟಿಗೆ ಪೂರ್ಣವಾದುದರಿಂದ ಈ ವಿಧಾನವನ್ನು ಇಲ್ಲಿ ಅನ್ವಯಿಸಲು ಸಾಧ್ಯವಾಯಿತು. ಲ್ಯಾನ್ಸೆಟ್ ಸಮೂಹದ ಸಾಂಕ್ರಾಮಿಕ ರೋಗಗಳ ಪತ್ರಿಕೆಯ 2022ರ ಸಂಪುಟದಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 2020ರ ಮಾರ್ಚ್ 1ರಿಂದ 2021ರ ಜೂನ್ 30ರವರೆಗಿನ ಹದಿನಾರು ತಿಂಗಳಲ್ಲಿ ನಗರದಲ್ಲಿ ದಾಖಲಾದ ಸಾವುಗಳು 87,870. ಹಿಂದಿನ ವರ್ಷಗಳ ವಾಡಿಕೆಯನ್ನು ಮೀರಿದ ಸಾವುಗಳು 25,990. ಕಳೆದು ನೋಡಿದರೆ, ಸಾಧಾರಣ ಕಾಲದಲ್ಲಿ ಆಗಬೇಕಾಗಿದ್ದುದು 61,880. ಅಂದರೆ ನೂರು ಜನ ಸಾಯುವ ಕಡೆ ನೂರನಲವತ್ತೆರಡು ಜನ ಸತ್ತರು. ಅದೇ ಅವಧಿಯಲ್ಲಿ ಚೆನ್ನೈಯ ಅಧಿಕೃತ ಕೋವಿಡ್ ಸಾವುಗಳು ಎಂಟು ಸಾವಿರದ ಆಸುಪಾಸಿನಲ್ಲಿದ್ದವು. ಒಂದಕ್ಕೆ ಮೂರರಷ್ಟು ಅಂತರ!

ಆ ಅಧ್ಯಯನದಲ್ಲಿ ಇನ್ನೆರಡು ಸಂಗತಿಗಳು ನನ್ನ ಗಮನವನ್ನು ಸೆಳೆದವು. ಮೊದಲನೆಯದು ವಯಸ್ಸಿನ ವಿಚಾರ: 60ರಿಂದ 69 ವರ್ಷದವರಲ್ಲಿ ಸಾವಿರಕ್ಕೆ ಸುಮಾರು 21, ಎಪ್ಪತ್ತರ ದಶಕದವರಲ್ಲಿ ಸುಮಾರು 40, ಎಂಬತ್ತನ್ನು ದಾಟಿದವರಲ್ಲಿ ಸುಮಾರು 97 ಅಧಿಕ ಸಾವುಗಳು. ಎರಡನೆಯದು, ಬಡತನ ಹೆಚ್ಚಾಗಿದ್ದ ಪ್ರದೇಶಗಳಲ್ಲಿ ಮಹಾಮಾರಿಯ ಸಾವುಗಳೂ ಹೆಚ್ಚಾಗಿದ್ದುದು. ಅದಕ್ಕೆ ಮುಖ್ಯ ಕಾರಣ 2021ರ ಎರಡನೆಯ ಅಲೆ. ಉತ್ತರ ಚೆನ್ನೈಯಲ್ಲಿ ವಾಸಿಸುವ ನಮಗೆ ಇದು ಓದಿ ಬದಿಗಿಡುವ ಮಾತಲ್ಲ. ಲಾಕ್‌ಡೌನಿನ ಕಾಲದಲ್ಲಿಯೂ ಪೆಟ್ರೋಲಿಯಂ ಮತ್ತು ರಸಗೊಬ್ಬರದ ಉತ್ಪಾದನೆಗೆ ಸರ್ಕಾರವೇ ವಿನಾಯಿತಿ ಕೊಟ್ಟಿತ್ತು. ಊರೆಲ್ಲ ಮನೆಯೊಳಗಿದ್ದಾಗ ಮಣಲಿಯ ಕಾರ್ಖಾನೆಗಳ ಪಾಳಿಗೆ ಹೋಗಿ ಬಂದವರು ನಮ್ಮ ಸಂಘದ ಸದಸ್ಯರಲ್ಲಿಯೂ ಇದ್ದಾರೆ.

ಇಲ್ಲಿ ಛೇದದ ವಿಚಾರವಾಗಿ ಒಂದು ಮಾತು ಹೇಳಲೇಬೇಕು. ಮೇಲಿನ ಅಧ್ಯಯನ ಅಧಿಕ ಮರಣವನ್ನು ಸಾವಿರ ಜನಕ್ಕೆ 5.18 ಎಂದು ಹೇಳುತ್ತದೆ. 25,990ನ್ನು ಇದರಿಂದ ಭಾಗಿಸಿದರೆ ಹಿಡಿದಿರುವ ಜನಸಂಖ್ಯೆ ಸುಮಾರು 50 ಲಕ್ಷವೆಂದಾಯಿತು. ಆದರೆ ಚೆನ್ನೈ ಎಂದರೆ ಯಾವ ಚೆನ್ನೈ? 2011ರಲ್ಲಿ ಪಾಲಿಕೆಯ ವಿಸ್ತೀರ್ಣ 174 ಚದರ ಕಿಲೋಮೀಟರುಗಳಿಂದ 426ಕ್ಕೆ ಏರಿತು. ಮಣಲಿ ಪುರಸಭೆ ಪಾಲಿಕೆಯಲ್ಲಿ ಲೀನವಾಗಿ ಎರಡನೆಯ ವಲಯವಾದುದು ಆಗಲೇ. ಆ ವರ್ಷದ ಗಣತಿಯ ಪ್ರಕಾರ ಹಳೆಯ ನಗರದ ಜನಸಂಖ್ಯೆ ಸುಮಾರು 46 ಲಕ್ಷ, ವಿಸ್ತರಿಸಿದ ನಗರದ್ದು ಸುಮಾರು 67 ಲಕ್ಷ. ಅಷ್ಟೇ ಸಾವುಗಳನ್ನು 67 ಲಕ್ಷದಿಂದ ಭಾಗಿಸಿದರೆ ಪ್ರಮಾಣ 3.9ಕ್ಕೆ ಇಳಿಯುತ್ತದೆ. ಇದರಿಂದ ಒಬ್ಬನ ಜೀವವೂ ಉಳಿಯುವುದಿಲ್ಲ; ಛೇದ ಬದಲಾಯಿತು, ಅಷ್ಟೆ. ಆದುದರಿಂದ ಯಾವ ಮರಣ ಪ್ರಮಾಣವನ್ನು ಕಂಡರೂ ಅದರ ಕೆಳಗೆ ಯಾವ ಜನಸಂಖ್ಯೆಯನ್ನು ಇಟ್ಟಿದ್ದಾರೆಂದು ಕೇಳುವುದು ಲೇಸು. 2021ರಲ್ಲಿ ಆಗಬೇಕಾಗಿದ್ದ ಜನಗಣತಿ ಆಗಲೇ ಇಲ್ಲ; 2025ರ ಜೂನ್ ತಿಂಗಳಿನ ಪ್ರಕಟಣೆ ಅದನ್ನು 2027ಕ್ಕೆ ನಿಗದಿಪಡಿಸಿತು. ಮಹಾಮಾರಿಯ ಕಾಲದ ಎಲ್ಲ ಪ್ರಮಾಣಗಳೂ ಹತ್ತು ವರ್ಷ ಹಳೆಯ ಗಣತಿಯ ಆಧಾರದ ಮೇಲೆ ಅಂದಾಜು ಮಾಡಿದ ಛೇದದ ಮೇಲೆಯೇ ನಿಂತಿವೆ.

ಜನಗಣತಿಯೇ ಮಾರಿಯನ್ನು ಅಳೆಯುವ ಕೋಲಾಗಿದ್ದ ಕಾಲವೂ ಉಂಟು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ 55 ಸಾವಿರವಿದ್ದುದು 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದುದನ್ನು ನೋಡಿದರೆ ನಡುವಿನ ಬರಗಾಲವೂ ಅದರ ಬೆನ್ನಿಗೆ ಬಂದ ರೋಗಗಳೂ ಏನು ಮಾಡಿದವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಈ ಕೋಲಿಗೂ ಒಂದು ಕುಂದಿದೆ. ಪ್ಲೇಗು 1898ರ ಆಗಸ್ಟಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನ ಮೂಲಕ ಬೆಂಗಳೂರನ್ನು ಹೊಕ್ಕಿತು. 1891ರಲ್ಲಿ 80 ಸಾವಿರವಿದ್ದ ಬೆಂಗಳೂರು ನಗರದ ಜನಸಂಖ್ಯೆ 1901ರಲ್ಲಿ 69 ಸಾವಿರವಾಗಿತ್ತು. ಇವರಲ್ಲಿ ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂಬುದನ್ನು ಗಣತಿ ಹೇಳಲಾರದು. ರೋಗಿಗಳನ್ನು ಪ್ರತ್ಯೇಕ ಶಿಬಿರಗಳಿಗೆ ಒಯ್ಯುತ್ತಾರೆಂಬ ಭಯದಿಂದ ಜನರು ಸಾವನ್ನೇ ಮುಚ್ಚಿಡುತ್ತಿದ್ದ ದಿನಗಳು ಅವು. 1918ರ ಇನ್‌ಫ್ಲುಯೆಂಜಾದಲ್ಲಿ ಭಾರತದಲ್ಲಿ ಸತ್ತವರು 1 ಕೋಟಿ 20 ಲಕ್ಷವೆಂದು ಕೆಲವರು, 1 ಕೋಟಿ 70 ಲಕ್ಷವೆಂದು ಕೆಲವರು ಹೇಳುವುದಕ್ಕೂ ಕಾರಣ ಇಂತಹುದೇ: ಹಳ್ಳಿಯಲ್ಲಿ ಸಾವನ್ನು ಬರೆದುಕೊಳ್ಳಬೇಕಾದವನೇ ಹಾಸಿಗೆ ಹಿಡಿದರೆ ಬರೆಯುವವರು ಯಾರು?

ಇನ್ನು ದೇಶದ ಲೆಕ್ಕಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಿನಲ್ಲಿ, 2020 ಮತ್ತು 2021ರಲ್ಲಿ ಭಾರತದ ಅಧಿಕ ಮರಣಗಳು ಸುಮಾರು 47 ಲಕ್ಷವೆಂದು ಅಂದಾಜು ಮಾಡಿತು. ಭಾರತ ಸರ್ಕಾರವು ಗಣಿತದ ಮಾದರಿಗಳಿಂದ ಕಟ್ಟಿದ ಈ ಅಂಕಿಯನ್ನು ಒಪ್ಪಲಿಲ್ಲ. ಸರ್ಕಾರದ ಆಕ್ಷೇಪಣೆಯನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಮಾದರಿಯೆಂಬುದು ಊಹೆಯ ಮೇಲೆ ನಿಂತ ಕಟ್ಟಡ. ಊಹೆ ಬದಲಾದರೆ ಲಕ್ಷಗಟ್ಟಲೆ ಅಂತರ ಬರುತ್ತದೆ. ಆದರೆ ಇನ್ನೊಬ್ಬರ ಅಂದಾಜನ್ನು ತಪ್ಪೆನ್ನುವವರು ತಮ್ಮ ಪುಸ್ತಕವನ್ನು ಮೇಜಿನ ಮೇಲೆ ಇಡಬೇಕಲ್ಲವೇ? 2021ನೆಯ ವರ್ಷದ ನೋಂದಣಿ ವರದಿ ಹೊರಬಂದುದು 2025ರ ಮೇ ತಿಂಗಳಿನಲ್ಲಿ. ಯಾವುದಾದರೊಂದು ಸಹಕಾರ ಸಂಘ ತನ್ನ ಆಢಾವೆಯನ್ನು ನಾಲ್ಕು ವರ್ಷ ತಡವಾಗಿ ಒಪ್ಪಿಸಿದ್ದರೆ ಅದರ ಕಾರ್ಯದರ್ಶಿಯ ಗತಿ ಏನಾಗುತ್ತಿತ್ತೆಂಬುದನ್ನು ವಾಚಕರೇ ಊಹಿಸಬಹುದು.

ತಡವಾದರೂ ಬಂದುದರಿಂದ ಈಗ ತಾಳೆ ನೋಡಲು ಸಾಧ್ಯ. ನೋಂದಣಿಯಾದ ಸಾವುಗಳು 2020ರಲ್ಲಿ 81.2 ಲಕ್ಷ, 2021ರಲ್ಲಿ 1 ಕೋಟಿ 2 ಲಕ್ಷ. ಏರಿಕೆ ಸುಮಾರು 21 ಲಕ್ಷ. ಇದು ಒಂದು ಪುಸ್ತಕ. ಮಾದರಿ ನೋಂದಣಿ ಪದ್ಧತಿಯೆಂಬುದು ಸರ್ಕಾರದ್ದೇ ಆದ ಇನ್ನೊಂದು ಪುಸ್ತಕ. ದೇಶಾದ್ಯಂತ ಆಯ್ದ ಹಳ್ಳಿಗಳಲ್ಲಿಯೂ ನಗರದ ಭಾಗಗಳಲ್ಲಿಯೂ ಮನೆಮನೆಯ ಹುಟ್ಟು ಸಾವುಗಳನ್ನು ಅದು ಪ್ರತ್ಯೇಕವಾಗಿ ಗುರುತಿಸುತ್ತದೆ. ಅದರ ಪ್ರಕಾರ ಸಾವಿರ ಜನಕ್ಕೆ ಮರಣ ಪ್ರಮಾಣ 2020ರಲ್ಲಿ 6.0, 2021ರಲ್ಲಿ 7.5. ಸುಮಾರು 137 ಕೋಟಿ ಜನರಿಗೆ ಸಾವಿರಕ್ಕೆ ಒಂದೂವರೆಯಂತೆ ಗುಣಿಸಿದರೆ 20 ಲಕ್ಷಕ್ಕೆ ಸ್ವಲ್ಪ ಮೇಲೆ. ಎರಡು ಪುಸ್ತಕಗಳೂ ಬೇರೆ ಬೇರೆ ಕೈಗಳಿಂದ ಬರೆದವು. ಎರಡೂ ಹೆಚ್ಚುಕಡಿಮೆ ಒಂದೇ ಮೊತ್ತವನ್ನು ಹೇಳುತ್ತವೆ. ಅದೇ 2021ರಲ್ಲಿ ಅಧಿಕೃತ ಕೋವಿಡ್ ಸಾವುಗಳು ಸುಮಾರು ಮೂರೂಕಾಲು ಲಕ್ಷ.

ಇಲ್ಲಿ ಎಚ್ಚರವೂ ಬೇಕು. ನೋಂದಣಿಯಾಗುವ ಸಾವುಗಳು ಮಾರಿಯಿಲ್ಲದ ವರ್ಷಗಳಲ್ಲಿಯೂ ಏರುತ್ತಿದ್ದವು. 2018ರಲ್ಲಿ 69.5 ಲಕ್ಷವಿದ್ದುದು 2019ರಲ್ಲಿ 76.4 ಲಕ್ಷವಾಯಿತು. ಜನರು ಹೆಚ್ಚು ಸತ್ತುದರಿಂದಲ್ಲ, ಹೆಚ್ಚು ನೋಂದಾಯಿಸಿದುದರಿಂದ. ಆದಕಾರಣ 21 ಲಕ್ಷವನ್ನೂ ಮಾರಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಇತ್ತ, ಅಧಿಕ ಮರಣವೆಂಬುದು ನಿವ್ವಳ ಮೊತ್ತವೆಂಬುದನ್ನೂ ಮರೆಯಬಾರದು. ಸಂಚಾರ ನಿಂತುದರಿಂದ ದೇಶದ ರಸ್ತೆ ಅಪಘಾತದ ಸಾವುಗಳು 2019ರ 1 ಲಕ್ಷ 51 ಸಾವಿರದಿಂದ 2020ರಲ್ಲಿ 1 ಲಕ್ಷ 32 ಸಾವಿರದಷ್ಟಕ್ಕೆ ಇಳಿದವು. ಉಳಿದ ಈ ಜೀವಗಳು ಜಮೆಯಾಗಿ, ಮಾರಿಯ ಖರ್ಚಿನಲ್ಲಿ ಅಷ್ಟು ಭಾಗ ಮರೆಯಾಗುತ್ತದೆ. ಏನೇ ಕಳೆದರೂ ಕೂಡಿದರೂ, ಅಧಿಕೃತ ಪಟ್ಟಿ ನಿಜವಾದ ನಷ್ಟದ ಒಂದು ಸಣ್ಣ ಭಾಗವೆಂಬ ತೀರ್ಮಾನದಿಂದ ತಪ್ಪಿಸಿಕೊಳ್ಳುವ ದಾರಿ ನನಗಂತೂ ಕಾಣುವುದಿಲ್ಲ.

ಮರಣ ಪ್ರಮಾಣವನ್ನು ಮಾತ್ರ ನೋಡಿದರೆ ಮೋಸ ಹೋಗುವ ಸಂಭವವೂ ಇದೆ. ಕೇರಳದ ಮರಣ ಪ್ರಮಾಣ ಬಿಹಾರದ ಪ್ರಮಾಣಕ್ಕಿಂತ ಹೆಚ್ಚು. ಇದರಿಂದ ಬಿಹಾರದಲ್ಲಿ ಆರೋಗ್ಯ ಮೇಲೆಂದು ಯಾರೂ ಹೇಳುವುದಿಲ್ಲ. ಕೇರಳದಲ್ಲಿ ವೃದ್ಧರು ಹೆಚ್ಚು. ಈ ದೋಷವನ್ನು ನಿವಾರಿಸುವುದಕ್ಕಾಗಿಯೇ ಆಯುರ್ಮಾನದ ಲೆಕ್ಕವಿರುವುದು. ಪ್ರತಿಯೊಂದು ವಯಸ್ಸಿನಲ್ಲಿಯೂ ಆ ವರ್ಷ ಸಾವಿರಕ್ಕೆ ಎಷ್ಟು ಜನ ಸತ್ತರೆಂದು ನೋಡಿ, ಈಗ ಹುಟ್ಟಿದ ಮಗು ತನ್ನ ಜೀವನವಿಡೀ ಅದೇ ಪ್ರಮಾಣಗಳನ್ನು ಎದುರಿಸಿದರೆ ಸರಾಸರಿ ಎಷ್ಟು ವರ್ಷ ಬಾಳುವುದೆಂದು ಗುಣಿಸುತ್ತಾರೆ. ಇದು ಭವಿಷ್ಯವಲ್ಲ, ಜಾತಕವಂತೂ ಅಲ್ಲ. ಆ ವರ್ಷದ ಮರಣಗಳ ಒಂದು ಸಾರಾಂಶ. ಅಮೆರಿಕದಲ್ಲಿ 1918ರ ಒಂದೇ ವರ್ಷದಲ್ಲಿ ಆಯುರ್ಮಾನ ಸುಮಾರು 12 ವರ್ಷ ಕುಸಿದು ಮರುವರ್ಷವೇ ಮೇಲಕ್ಕೆ ಬಂದಿತು. 1918ರಲ್ಲಿ ಹುಟ್ಟಿದ ಮಕ್ಕಳೆಲ್ಲ ಅಲ್ಪಾಯುಗಳಾದರೆಂದು ಇದರ ಅರ್ಥವಲ್ಲ.

ಆಯುರ್ಮಾನದ ಬಗೆಗೆ ಇನ್ನೊಂದು ತಪ್ಪು ತಿಳಿವಳಿಕೆ ಬಹಳ ವ್ಯಾಪಕವಾಗಿದೆ. ಸಾವಿನ ಮನೆಗೆ ಮಾತನಾಡಿಸಲು ಹೋದವರು, “ಅವರಿಗೂ ಅರವತ್ತೆಂಟಾಗಿತ್ತು, ಆಯಸ್ಸು ಮುಗಿದಿತ್ತು, ಕೋವಿಡ್ ಒಂದು ನೆಪ” ಎಂದು ಸಮಾಧಾನ ಹೇಳುವುದನ್ನು ಎಲ್ಲರೂ ಕೇಳಿದ್ದೇವೆ. ಸದುದ್ದೇಶದ ಮಾತೇನೋ ಸರಿ. ಲೆಕ್ಕ ಮಾತ್ರ ಶುದ್ಧ ತಪ್ಪು. ಹುಟ್ಟುವಾಗಿನ ಆಯುರ್ಮಾನ 70 ಎಂಬುದರಲ್ಲಿ ಹಸುಗೂಸಿನಲ್ಲಿ ತೀರಿಕೊಂಡವರೂ ಸೇರಿರುತ್ತಾರೆ. ಅವೆಲ್ಲವನ್ನೂ ದಾಟಿ 60ನ್ನು ಮುಟ್ಟಿದ ಭಾರತೀಯನ ಮುಂದೆ ಸರಾಸರಿ ಇನ್ನೂ 18 ವರ್ಷಗಳಷ್ಟು ಬಾಳು ಇರುತ್ತದೆ. ಅಷ್ಟು ವರ್ಷದ ಪಿಂಚಣಿ, ಅಷ್ಟು ವರ್ಷದ ಹಿರಿತನ, ಮೊಮ್ಮಕ್ಕಳೊಡನೆ ಅಷ್ಟು ವರ್ಷದ ಒಡನಾಟ. ಮಾರಿ ಕಿತ್ತುಕೊಂಡುದು ಅದನ್ನು.

ಭಾರತದ ಆಯುರ್ಮಾನಕ್ಕೆ ಎಷ್ಟು ಪೆಟ್ಟು ಬಿತ್ತೆಂಬುದನ್ನು ನೋಡಿ. ಮಾದರಿ ನೋಂದಣಿಯ ಕೋಷ್ಟಕಗಳಲ್ಲಿ 2016-20ರ ಅವಧಿಗೆ 70.0, 2017-21ಕ್ಕೆ 69.8. ಇಳಿದುದು ಬರೇ 0.2! ಇದನ್ನು ಕಂಡು ‘ಮಹಾಮಾರಿಯಿಂದ ಆದುದೇನೂ ಇಲ್ಲ’ ಎಂದವರೂ ಇದ್ದಾರೆ. ಆದರೆ ಇದು ಐದು ವರ್ಷಗಳ ಸರಾಸರಿ. ವರ್ಷವಿಡೀ ಹಣ ತುಂಬಿದ್ದ ಖಾತೆ ಕೊನೆಯ ತಿಂಗಳಲ್ಲಿ ಬರಿದಾದರೂ ಸರಾಸರಿ ಶಿಲ್ಕು ಚೆನ್ನಾಗಿಯೇ ಕಾಣುತ್ತದೆ. ಒಂದು ಸರಾಸರಿಯಿಂದ ಮುಂದಿನದಕ್ಕೆ ಹೋದಾಗ ಆದ ಬದಲಾವಣೆಯೇನು? 2016 ಹೊರಬಿದ್ದು 2021 ಒಳಬಂದಿತು. ಐದು ವರ್ಷಗಳ ಸರಾಸರಿ 0.2ರಷ್ಟು ಇಳಿಯಬೇಕಾದರೆ, ಸ್ಥೂಲವಾಗಿ, 2021ರ ಅಂಕಿ 2016ರ ಅಂಕಿಗಿಂತ ಒಂದು ವರ್ಷದಷ್ಟು ಕೆಳಗಿರಬೇಕು. ಆ ನಡುವೆ ಏರಿದ್ದ ಅಷ್ಟನ್ನೂ ಸೇರಿಸಿದರೆ ಕುಸಿತ ಇನ್ನೂ ದೊಡ್ಡದು. ಒಂದೊಂದೇ ವರ್ಷವನ್ನು ಬಿಡಿಯಾಗಿ ಅಂದಾಜು ಮಾಡುವ ವಿಶ್ವಸಂಸ್ಥೆ, 2019ರಲ್ಲಿ 70ನ್ನು ದಾಟಿದ್ದ ನಮ್ಮ ಆಯುರ್ಮಾನ 2021ರಲ್ಲಿ 67ರ ಆಸುಪಾಸಿಗೆ ಬಿದ್ದಿತೆಂದೂ ಅನಂತರ ಚೇತರಿಸಿಕೊಂಡಿತೆಂದೂ ಹೇಳುತ್ತದೆ. 2023ರ ವೇಳೆಗೆ ಮರಣ ಪ್ರಮಾಣವೂ 6.4ಕ್ಕೆ ಇಳಿದಿದೆ. ಕೋಷ್ಟಕ ಚೇತರಿಸಿಕೊಂಡಿತು, 2021ರ ಮೇ ತಿಂಗಳಿನಲ್ಲಿ ಹೋದವರ ವರ್ಷಗಳು ಹಿಂದಿರುಗಲಿಲ್ಲ.

ಇಷ್ಟೆಲ್ಲ ಲೆಕ್ಕದಿಂದ ಆಗಬೇಕಾದುದೇನೆಂದು ಕೇಳುವವರಿಗೆ ಒಂದು ಉದಾಹರಣೆ ಸಾಕು. ಕೋವಿಡ್ಡಿನಿಂದ ಸತ್ತವರ ಕುಟುಂಬಕ್ಕೆ 50,000 ರೂಪಾಯಿಗಳ ಪರಿಹಾರವನ್ನು 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅನುಮೋದಿಸಿತು. ಪರೀಕ್ಷೆಯಾದ 30 ದಿನಗಳೊಳಗೆ ಸತ್ತವರನ್ನು, ಸತ್ತುದು ಆಸ್ಪತ್ರೆಯ ಹೊರಗಾದರೂ, ಸೇರಿಸಿಕೊಳ್ಳಬೇಕೆಂಬ ನಿಯಮವೂ ಆಯಿತು. ಒಳ್ಳೆಯದೇ. ಆದರೆ ಪರೀಕ್ಷೆಯೇ ಆಗದವನ ವಿಧವೆ ಯಾವ ಕಾಗದವನ್ನು ತೋರಿಸಬೇಕು? ಚೆನ್ನೈಯ ಹದಿನೆಂಟು ಸಾವಿರದಷ್ಟು ಅಧಿಕ ಸಾವುಗಳು ಯಾವ ಪಟ್ಟಿಯಲ್ಲಿಯೂ ಇಲ್ಲವೆಂದರೆ, ಅವುಗಳಲ್ಲಿ ಬಹುಪಾಲಿನ ಹಿಂದೆ ಪರಿಹಾರಕ್ಕೆ ಅರ್ಜಿ ಹಾಕಲಾರದ ಒಂದೊಂದು ಮನೆಯಿದೆ.

ಆದುದರಿಂದ ನನ್ನ ಬೇಡಿಕೆ ಸರಳವಾದುದು. ಪಾಲಿಕೆಯು ವಲಯವಾರು, ವಾರವಾರವೂ, ಎಲ್ಲ ಕಾರಣಗಳಿಂದಾದ ಸಾವುಗಳ ಸಂಖ್ಯೆಯನ್ನು ವಯಸ್ಸಿನೊಡನೆ ಪ್ರಕಟಿಸಬೇಕು. ಸಾವು ನೋಂದಣಿಯಾಗುವುದು ಸಂಭವಿಸಿದ ಸ್ಥಳದಲ್ಲಿ. ಮಣಲಿಯವನು ಸ್ಟಾನ್ಲಿ ಆಸ್ಪತ್ರೆಯಲ್ಲಿ ಸತ್ತರೆ ಸಾವು ಅಲ್ಲಿಯ ಪುಸ್ತಕಕ್ಕೆ ಸೇರುತ್ತದೆ. ಆದಕಾರಣ ವಾಸಸ್ಥಳದ ಪ್ರಕಾರ ವಿಂಗಡಿಸಿದ ಪಟ್ಟಿಯೇ ಬೇಕು. ಇದು ಮುಂದಿನ ಮಹಾಮಾರಿಗೆ ಮಾತ್ರವಲ್ಲ. 2023ರ ಡಿಸೆಂಬರಿನ ಪ್ರವಾಹದಲ್ಲಿ ಎಣ್ಣೆ ಎಣ್ಣೂರಿನ ಅಳಿವೆಯವರೆಗೆ ಹರಡಿದಾಗ ಇಲ್ಲಿಯವರ ಆರೋಗ್ಯಕ್ಕೆ ಏನಾಯಿತೆಂದು ಕೇಳಿದರೆ, ಉತ್ತರ ಹೇಳಬೇಕಾದುದು ಇಂತಹ ಪಟ್ಟಿಯೇ.

ನಮ್ಮವರ ವಿಚಾರದಲ್ಲಿ ಇನ್ನೊಂದು ತೊಡಕು. ಕಾಯಿಲೆ ಬಿದ್ದ ಹಿರಿಯರನ್ನು ಊರಿಗೆ ಕರೆದೊಯ್ಯುವುದು ನಮ್ಮಲ್ಲಿ ರೂಢಿ. ಹಾಸನದಲ್ಲೋ ಕೋಲಾರದಲ್ಲೋ ಕಣ್ಣು ಮುಚ್ಚಿದವರ ಸಾವು ಕರ್ನಾಟಕದ ಪುಸ್ತಕಕ್ಕೆ ಸೇರುತ್ತದೆ, ಪಡಿತರ ಚೀಟಿಯಲ್ಲಿ ಹೆಸರು ಮಣಲಿಯಲ್ಲಿ ಉಳಿಯುತ್ತದೆ. ಊರಿನಲ್ಲಿ ಕರ್ಮಗಳೆಲ್ಲ ಸಾಂಗವಾಗಿ ನಡೆದು ನೋಂದಣಿಯೊಂದೇ ಮರೆತುಹೋಗುವುದೂ ಉಂಟು. 21 ದಿನಗಳೊಳಗೆ ನೋಂದಣಿಗೆ ಶುಲ್ಕವಿಲ್ಲ. 30 ದಿನಗಳವರೆಗೆ ಅಲ್ಪ ದಂಡ. ಅನಂತರ ಮೇಲಧಿಕಾರಿಯ ಅನುಮತಿ ಬೇಕು. ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆಜ್ಞೆಯೇ ಆಗಬೇಕು. ವೈಕುಂಠ ಸಮಾರಾಧನೆಗೆ ಅಡಿಗೆಯವರನ್ನು ಗೊತ್ತುಮಾಡುವ ದಿನವೇ ಮನೆಯ ಒಬ್ಬರು ಗ್ರಾಮ ಪಂಚಾಯಿತಿಗೋ ನಗರಸಭೆಗೋ ಹೋಗಿ, ವಾಸಸ್ಥಳದ ಕಡೆ ಮಣಲಿಯ ವಿಳಾಸವನ್ನೇ ಬರೆಸಿ ಬರುವುದು ಸಾಧ್ಯ. ಸಂಘದ ಕಚೇರಿಯಲ್ಲಿ ಇದಕ್ಕೆ ಬೇಕಾದ ನಮೂನೆಗಳನ್ನು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಇಡುವ ಏರ್ಪಾಡಾದರೆ, ಭರ್ತಿ ಮಾಡಿಕೊಡಲು ಭಾನುವಾರದ ಬೆಳಗ್ಗೆ ಕುಳಿತುಕೊಳ್ಳುವುದಕ್ಕೆ ನಾನು ಸಿದ್ಧನಿದ್ದೇನೆ.